ಮೇಲಿನ ಮಹಡಿಯಿಂದ ಗೆಳೆಯನಿಗೊಂದು ಪತ್ರ

ಮೈಸೂರು

ಪ್ರಿಯ ಗೆಳೆಯ,

ನಿನ್ನ ಪತ್ರ ಕೈಸೇರಿ ಹದಿನೈದು ದಿನಗಳಾದವು. ತಡವಾಗಿ ಉತ್ತರಿಸುತ್ತಿರುವುದಕ್ಕೆ ಕ್ಷಮೆಯಿರಲಿ. ನಿನ್ನ ತಮ್ಮನಿಗೆ ಇಲ್ಲಿ ಚಿತ್ರಕಲೆಯ ಪದವಿಗೆ ಸೀಟು ದೊರೆತದ್ದು ತಿಳಿದು ಬಹಳ ಸಂತೋಷವಾಯಿತು. ಅವನು ಸರಸ್ವತಿಪುರಂನಲ್ಲಿ ಬಾಡಿಗೆ ಕೊಠಡಿ ಹಿಡಿಯಬೇಕೋ, ನಾನಿರುವ ಹಾಸ್ಟೆಲಿಗೇ ಬರಬೇಕೋ ಎಂದು ಕೇಳಿದ್ದೀಯೆ.

ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಕಲಾಸಕ್ತರಿಗೆಂದೇ ಮೀಸಲಾದ ವಸತಿಗಳಿದ್ದು, ಬೇರೆ ವಿಷಯ ಓದುವವರೂ ಅಲ್ಲಿಗೆ ಅರ್ಜಿ ಹಾಕಿ ಸೇರಬಹುದಂತೆ. ನಮ್ಮ ಹಾಸ್ಟೆಲಿನ ಮೇಲಿನ ಮಹಡಿ ಅಂಥ ಯಾವ ಯೋಜನೆಯಿಂದಲೂ ಹುಟ್ಟಿದ್ದಲ್ಲ. ಮೃದಂಗದ ಸದ್ದಿಗೆ ಓದಲಾಗುತ್ತಿಲ್ಲವೆಂದು ವಿಜ್ಞಾನದ ಹುಡುಗರು ದೂರು ಕೊಟ್ಟು ಕೊಟ್ಟು, ಕೊನೆಗೆ ಹಾಡುವವರು, ಬಾರಿಸುವವರು, ಬಣ್ಣ ಬಳಿಯುವವರೆಲ್ಲರನ್ನೂ ಒಟ್ಟಾಗಿ ಮೇಲಕ್ಕೆ ಅಟ್ಟಿದರೆಂದು ಸೀನಿಯರುಗಳು ಹೇಳುತ್ತಾರೆ. ಶಿಕ್ಷೆಯಾಗಿ ಬಂದದ್ದು ನಮಗೆ ಅನುಕೂಲವೇ ಆಯಿತು.

ಈ ಊರಿನಲ್ಲಿ ಒಂದೊಂದು ಕಲೆಗೂ ಒಂದೊಂದು ಮನೆಯಿದೆ. ಚಿತ್ರ, ಶಿಲ್ಪಗಳಿಗೆ ಚಾಮರಾಜೇಂದ್ರ ಅಕಾಡೆಮಿ, ನಾಟಕಕ್ಕೆ 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣ, ಸಂಗೀತ, ನೃತ್ಯಗಳಿಗೆ ಮಾನಸಗಂಗೋತ್ರಿಯ ಲಲಿತಕಲಾ ಕಾಲೇಜು. ಹಾಗಾಗಿ ಹಗಲಿನಲ್ಲಿ ನಾವು ಒಬ್ಬರು ಇನ್ನೊಬ್ಬರನ್ನು ನೋಡುವುದು ವೇದಿಕೆಯ ಮೇಲೆ ಅಥವಾ ಪ್ರದರ್ಶನದ ಗೋಡೆಯ ಮೇಲೆ ಮಾತ್ರ, ಅಂದರೆ ಕೆಲಸವೆಲ್ಲ ಮುಗಿದ ಮೇಲೆ. ಮುಗಿಯುವ ಮುನ್ನ ಅದು ಹೇಗಿರುತ್ತದೆಂಬುದು ತಿಳಿಯುವುದು ರಾತ್ರಿ ಈ ಮಹಡಿಯಲ್ಲಿಯೇ.

ನಾನು ಬರೆಯುತ್ತಿದ್ದ ಸರಸ್ವತಿಯ ಚಿತ್ರದ ಕಥೆಯನ್ನೇ ಹೇಳುತ್ತೇನೆ. ಮೈಸೂರು ಶೈಲಿಯ ಚಿತ್ರದಲ್ಲಿ ರೇಖೆ ಬರೆದಾದ ಮೇಲೆ ಸಫೇದವೆಂಬ ಬಿಳಿ ಪುಡಿ, ಮಕ್ಕಿಯೆಂಬ ಹಳದಿ ಅಂಟು, ಗೋಂದು ಸೇರಿಸಿ ಅರೆದು, ಕೂದಲೆಳೆಯ ಕುಂಚದಿಂದ ಒಡವೆಗಳನ್ನು ಉಬ್ಬಿಸಿ, ಒಣಗಿದ ನಂತರ ಅದರ ಮೇಲೆ ಚಿನ್ನದ ರೇಕು ಕೂರಿಸುತ್ತೇವೆ. ಎರಡು ವಾರ ಬೆನ್ನು ಬಗ್ಗಿಸಿ ದೇವಿಯ ಬಳೆ, ಉಂಗುರಗಳನ್ನೆಲ್ಲ ಉಬ್ಬಿಸಿದ್ದೆ. ಪಕ್ಕದ ಕೊಠಡಿಯ ವೀಣೆಯ ಹುಡುಗ ಬಂದು, ಚಹಾದ ಲೋಟ ಹಿಡಿದೇ ನಿಂತು ನೋಡಿ, "ಇವಳು ನುಡಿಸುತ್ತಿಲ್ಲ ಕಣೋ, ವೀಣೆಯನ್ನು ಸುಮ್ಮನೆ ಹಿಡಿದುಕೊಂಡಿದ್ದಾಳೆ" ಎಂದ. ಎಡಗೈಯ ನಾಲ್ಕು ಬೆರಳುಗಳನ್ನೂ ನಾನು ಅಂದವಾಗಿ ವೀಣೆಯ ಮೆಟ್ಟಿಲುಗಳ ಮೇಲೆ ಸಾಲಾಗಿ ಇಟ್ಟಿದ್ದೆ. ತಂತಿಯನ್ನು ಒತ್ತುವುದು ತೋರುಬೆರಳು ಮತ್ತು ನಡುಬೆರಳು ಎಂದು ಅವನು ತನ್ನ ವೀಣೆಯನ್ನೇ ತಂದು ತೋರಿಸಿದ. ಬಲಗೈಯ ಕಿರುಬೆರಳು ಪಕ್ಕದ ಮೂರು ತಾಳದ ತಂತಿಗಳನ್ನು ಮೀಟುವುದನ್ನೂ ಅಂದೇ ಮೊದಲ ಬಾರಿಗೆ ಹತ್ತಿರದಿಂದ ಕಂಡೆ. ನಮ್ಮ ಮೇಷ್ಟರ ಕಣ್ಣಿಗೂ ಬೀಳದ ತಪ್ಪು ಅದು. ಒಣಗಿದ ಮಕ್ಕಿಯನ್ನು ಬ್ಲೇಡಿನಿಂದ ಕೆರೆದು ತೆಗೆಯುತ್ತ ಅವನನ್ನು ಮನಸ್ಸಿನಲ್ಲೇ ಬೈದುಕೊಂಡದ್ದನ್ನು ಮಾತ್ರ ಮುಚ್ಚಿಡಲಾರೆ.

ತೊಂದರೆಗಳಿಲ್ಲವೆಂದಲ್ಲ. ರೇಕು ಉಸಿರಿಗೂ ಹಾರುವಷ್ಟು ತೆಳುವಾದ್ದರಿಂದ ನಾನು ಫ್ಯಾನು ಆರಿಸಬೇಕು. ಏಪ್ರಿಲ್ ತಿಂಗಳ ಸೆಕೆಯಲ್ಲಿ ನನ್ನ ಜೊತೆ ಕೊಠಡಿ ಹಂಚಿಕೊಂಡಿರುವ ಮೃದಂಗದವನು ಬೆವರೊರೆಸಿಕೊಳ್ಳುತ್ತ ಹಾಸಿಗೆ ಎತ್ತಿಕೊಂಡು ತಾರಸಿಗೆ ಹೋಗುತ್ತಾನೆ. ಅವನೂ ಕಡಿಮೆಯವನಲ್ಲ. ಮೃದಂಗದ ಎಡಮುಖದ ಚರ್ಮಕ್ಕೆ ಹಚ್ಚಲು ಮೆಸ್ಸಿನಿಂದ ತಂದ ರವೆಯನ್ನು ನನ್ನ ಬಣ್ಣದ ಬಟ್ಟಲಿನಲ್ಲೇ ಕಲಸುತ್ತಾನೆ, ನುಡಿಸಿದ ಮೇಲೆ ಕೆರೆದು ಕಿಟಕಿಯ ಅಂಚಿಗೆ ಹಾಕುತ್ತಾನೆ, ಅದಕ್ಕೆ ಇರುವೆಗಳು ಸಾಲುಗಟ್ಟುತ್ತವೆ. ನಾಟಕದವರು ಪರೀಕ್ಷೆಯ ಹಿಂದಿನ ರಾತ್ರಿಯೂ ಕಾರಿಡಾರಿನಲ್ಲಿ ಸತ್ತು ಬೀಳುವ ದೃಶ್ಯವನ್ನು ಹತ್ತಾರು ಸಲ ಅಭ್ಯಾಸ ಮಾಡುತ್ತಾರೆ. ನಿದ್ದೆ ಬೇಕೆನ್ನುವವನಿಗೆ ಇದು ಜಾಗವಲ್ಲ.

ನಿನ್ನ ತಮ್ಮ ಅರ್ಧ ಬರೆದ ಚಿತ್ರವನ್ನು ಯಾರಾದರೂ ನೋಡಿದರೆ ಮುಚ್ಚಿಡುತ್ತಾನೆಂದು ಬರೆದಿದ್ದೀಯಲ್ಲ, ಆ ಕಾರಣಕ್ಕಾಗಿಯೇ ಅವನನ್ನು ಇಲ್ಲಿಗೆ ಕಳುಹಿಸು ಎನ್ನುತ್ತೇನೆ. ಬಾಡಿಗೆ ಕೊಠಡಿಯಲ್ಲಿ ಬಾಗಿಲು ಹಾಕಿಕೊಂಡು ಮುಚ್ಚಿಡಬಹುದು. ಇಲ್ಲಿ ಬಾಗಿಲುಗಳ ಅಗುಳಿಗಳೇ ಸರಿಯಿಲ್ಲ. ಕೊಠಡಿ ಆರಿಸಿಕೊಳ್ಳುವ ಅವಕಾಶ ಸಿಕ್ಕರೆ ಪೂರ್ವದ ಕಿಟಕಿಯಿರುವುದನ್ನು ಕೇಳಲಿ, ಬೆಳಗಿನ ಬೆಳಕು ಚೆನ್ನಾಗಿರುತ್ತದೆ. ಬರುವಾಗ ಒಂದು ಬಕೆಟ್ಟು, ಒಳ್ಳೆಯ ಬೀಗ, ಮತ್ತು ರವೆ ಕಲಸಲು ಕೊಡಬಹುದಾದ ಒಂದು ಹಳೆಯ ಬಟ್ಟಲು ತರಲಿ.

ಮಂಡ್ಯದಲ್ಲಿ ಅಮ್ಮನಿಗೆ ನನ್ನ ನಮಸ್ಕಾರಗಳನ್ನು ತಿಳಿಸು.

ಇಂತಿ ನಿನ್ನ,
ಗೆಳೆಯ