ಸಿನಿಮಾ ಮುಗಿದಲ್ಲಿ ಕಾದಂಬರಿ ಅರ್ಧವಷ್ಟೇ

ಮಾನ್ಯರೇ,

ಹಳೆಯ ಪ್ರೇಮ ಕಾದಂಬರಿಗಳನ್ನು ಸಿನಿಮಾ ನೋಡಿದ ಮೇಲೆ ಓದುವ ಬಗ್ಗೆ ತಮ್ಮ ಪುರವಣಿಯಲ್ಲಿ ಬಂದ ಲೇಖನಕ್ಕೆ ಪೂರಕವಾಗಿ ಈ ಪತ್ರ. ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ (1847) ಹಿಡಿದವರು ಸಾಮಾನ್ಯವಾಗಿ ಎರಡು ಕಡೆ ಪುಸ್ತಕ ಮಡಚಿಡುತ್ತಾರೆ. ಎರಡಕ್ಕೂ ವಿಲಿಯಂ ವೈಲರ್ ಅವರ 1939ರ ಚಿತ್ರವೇ ಕಾರಣ.

ಮೊದಲನೆಯದು ಎರಡನೇ ಅಧ್ಯಾಯದಲ್ಲೇ. ಬಾಡಿಗೆದಾರ ಲಾಕ್‌ವುಡ್ ಹಿಮದಲ್ಲಿ ಸಿಕ್ಕಿ ಕಥಾನಾಯಕ ಹೀತ್‌ಕ್ಲಿಫ್‌ನ ಮನೆ ಹೊಕ್ಕಾಗ ಅಲ್ಲೊಬ್ಬಳು ಸಿಡುಕಿನ ಹೆಣ್ಣು, ‘ಮಿಸೆಸ್ ಹೀತ್‌ಕ್ಲಿಫ್’. ಚಿತ್ರದಲ್ಲಿ ಆ ಜಾಗದಲ್ಲಿರುವವಳು ಹೀತ್‌ಕ್ಲಿಫ್‌ನ ಹೆಂಡತಿ ಇಸಬೆಲ್ಲಾ. ಕಾದಂಬರಿಯಲ್ಲಿ ಇಸಬೆಲ್ಲಾ ಆ ಹೊತ್ತಿಗೆ ತೀರಿಹೋಗಿ ವರ್ಷಗಳಾಗಿವೆ. ಇವಳು ಹೀತ್‌ಕ್ಲಿಫ್‌ನ ವಿಧವೆ ಸೊಸೆ, ಅವನು ಪ್ರೀತಿಸಿದ್ದ ಕ್ಯಾಥರೀನಳ ಮಗಳು, ಹೆಸರೂ ಕ್ಯಾಥರೀನ್. ಇಷ್ಟು ತಿಳಿದು ಓದಿದರೆ ಲಾಕ್‌ವುಡ್ ಮಾಡಿಕೊಳ್ಳುವ ಎಡವಟ್ಟುಗಳು ನಗು ತರಿಸುತ್ತವೆ. ಇಲ್ಲದಿದ್ದರೆ ಅವನಷ್ಟೇ ನಾವೂ ತಬ್ಬಿಬ್ಬು.

ಎರಡನೆಯದು ನಡುವಿನಲ್ಲಿ. ತಾಯಿ ಕ್ಯಾಥರೀನ್ ಸಾಯುವುದು, ಮಗಳು ಹುಟ್ಟುವುದು ಎರಡೂ 16ನೇ ಅಧ್ಯಾಯದಲ್ಲಿ, ಒಂದೇ ರಾತ್ರಿ. ಚಿತ್ರ ಮಗಳನ್ನೇ ಕೈಬಿಟ್ಟಿದೆ. 34 ಅಧ್ಯಾಯಗಳಲ್ಲಿ ಅದು ಬಳಸಿಕೊಂಡದ್ದು ಮೊದಲರ್ಧವನ್ನು ಮಾತ್ರ. ನಾಯಕಿಯೇ ಹೋದ ಮೇಲೆ ಇನ್ನೇನಿದೆ ಎಂದು ನಿಲ್ಲಿಸಿದವರಿಗೆ ಹೀತ್‌ಕ್ಲಿಫ್‌ನ ಸೇಡಿನ ಹೂರಣವೇ ಸಿಗುವುದಿಲ್ಲ. ತನ್ನನ್ನು ಹೀಯಾಳಿಸಿದ, ಕ್ಯಾಥರೀನಳ ಅಣ್ಣ ಹಿಂಡ್ಲಿಯ ಮಗ ಹೇರ್ಟನ್‌ಗೆ ಅಕ್ಷರ ಕಲಿಸದೆ ಅವನದೇ ಮನೆಯಲ್ಲಿ ಅವನನ್ನು ಆಳಾಗಿ ದುಡಿಸುತ್ತಾನೆ. ಆಸ್ತಿಗಾಗಿ ಕ್ಯಾಥರೀನಳ ಮಗಳನ್ನು ಕೂಡಿಹಾಕಿ, ಸಾಯಲು ಬಿದ್ದಿರುವ ತನ್ನ ಮಗನಿಗೆ ಕಟ್ಟುತ್ತಾನೆ. ತೆರೆಯ ಮೇಲೆ ಹೀತ್‌ಕ್ಲಿಫ್ ಆಗಿರುವ ವಿರಹಿ ಲಾರೆನ್ಸ್ ಒಲಿವಿಯರ್‌ನನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಓದುವುದು ಕಷ್ಟವೇ. ಈ ಹೀತ್‌ಕ್ಲಿಫ್ 12ನೇ ಅಧ್ಯಾಯದಲ್ಲೇ, ಇಸಬೆಲ್ಲಾಳನ್ನು ಓಡಿಸಿಕೊಂಡು ಹೋಗುವ ರಾತ್ರಿ, ಅವಳ ನಾಯಿಯನ್ನು ನೇತುಹಾಕಿ ಹೋದವನು.

ಓದುವಾಗ ಪಕ್ಕದಲ್ಲೊಂದು ಹಾಳೆ ಇರಲಿ. ಎಡಕ್ಕೆ ತಾಯಿ ಕ್ಯಾಥರೀನಳ ತವರಾದ ಅರ್ನ್‌ಷಾ ಮನೆ, ಬಲಕ್ಕೆ ಅವಳ ಗಂಡ ಮತ್ತು ಅವನ ತಂಗಿ ಇಸಬೆಲ್ಲಾಳ ಲಿಂಟನ್ ಮನೆ, ಎರಡು ತಲೆಮಾರಿಗಾಗುವಷ್ಟು ಜಾಗ ಬಿಟ್ಟು ವಂಶವೃಕ್ಷವನ್ನು ನೀವೇ ಬರೆಯುತ್ತ ಹೋಗಿ. ಕಿರಿಯ ಕ್ಯಾಥರೀನ್ ಮೊದಲು ಮದುವೆಯಾಗುವುದು ಸೋದರತ್ತೆಯ ಮಗನನ್ನು, ಆಮೇಲೆ ಒಲಿಯುವುದು ಸೋದರಮಾವನ ಮಗನಿಗೆ. ನಮ್ಮವರಿಗೆ ಈ ನಂಟು ಹಿಡಿಯುವುದು ಕಷ್ಟವಲ್ಲ. ಪುಸ್ತಕದಲ್ಲೇ ಅಚ್ಚಾದ ವಂಶವೃಕ್ಷವನ್ನು ಮಾತ್ರ ಮೊದಲು ನೋಡಬೇಡಿ, ಯಾರಿಗೆ ಯಾರೆಂಬ ಗುಟ್ಟೆಲ್ಲ ಅಲ್ಲೇ ಬಯಲು.

ಆಳು ಜೋಸೆಫ್‌ನ ಯಾರ್ಕ್‌ಷೈರ್ ಆಡುಮಾತು ಇನ್ನೊಂದು ತೊಡಕು. ಗಟ್ಟಿಯಾಗಿ ಓದಿಕೊಂಡರೆ ಅರ್ಧ ತಿಳಿಯುತ್ತದೆ. ಉಳಿದದ್ದು ಬಹುಪಾಲು ಬೈಗುಳ ಮತ್ತು ಬೈಬಲ್, ಬಿಟ್ಟು ಮುಂದೆ ಹೋದರೂ ಕಥೆ ತಪ್ಪುವುದಿಲ್ಲ. ಷಾರ್ಲೆಟ್ ಬ್ರಾಂಟೆ 1850ರ ಆವೃತ್ತಿಯಲ್ಲಿ ತಂಗಿಯ ಈ ಕಾಗುಣಿತವನ್ನು ಒಂದಿಷ್ಟು ಸಡಿಲಿಸಿದ್ದರು. ಮೊದಲ ಮುದ್ರಣದಂತೆ ಎರಡು ಸಂಪುಟ ಮಾಡಿರುವ ಪ್ರತಿಗಳಲ್ಲಿ 14ನೇ ಅಧ್ಯಾಯದ ನಂತರ ಮತ್ತೆ ಒಂದರಿಂದ ಎಣಿಕೆ ಶುರುವಾಗುತ್ತದೆ, ಗಮನಿಸಿ.

ಎರಡನೇ ತಲೆಮಾರನ್ನೂ ತೆರೆಗೆ ತಂದ ಚಿತ್ರ 1992ರದ್ದು. ಅದರಲ್ಲಿ ತಾಯಿ, ಮಗಳು ಇಬ್ಬರೂ ಜೂಲಿಯೆಟ್ ಬಿನೋಷ್ ಅವರೇ. ಹಾಗಾಗಿ ಅದನ್ನು ಪುಸ್ತಕ ಮುಗಿಸಿದ ಮೇಲೆ ನೋಡುವುದು ಕ್ಷೇಮ.

– ಓದುಗ