ಮುಟ್ಟಿನ ನೋವಿನ ಮದ್ದು ಪಿಎಚ್‌ಸಿ ಕಪಾಟಿನಲ್ಲೇ ಇದೆ: ದಾವಣಗೆರೆ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ಜಿಲ್ಲೆಯ ಅಭಿವೃದ್ಧಿ ಕೆಲಸಗಳ ಪರಿಶೀಲನೆಗೆ ಸೇರುವ ಮುಂದಿನ ಕೆಡಿಪಿ ಸಭೆಯಲ್ಲಿ ಆರೋಗ್ಯ ಇಲಾಖೆಯ ಸರದಿ ಬಂದಾಗ ತಾಯಿ ಮರಣ, ಲಸಿಕೆ, ಡೆಂಗಿ ಲೆಕ್ಕದ ಜೊತೆಗೆ ಇನ್ನೊಂದು ವಿಷಯವನ್ನು ತಾವೇ ಎತ್ತಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇವೆ. ಕಾಯಿಲೆಯ ಹೆಸರು ಎಂಡೊಮೆಟ್ರಿಯೋಸಿಸ್. ಶುಚಿ ಯೋಜನೆಯಲ್ಲಿ ಎಷ್ಟು ಪ್ಯಾಡ್ ಹಂಚಿದೆವು ಎಂಬ ಲೆಕ್ಕವನ್ನು ಅಧಿಕಾರಿಗಳು ಕೊಡಬಲ್ಲರು. ಆ ಪ್ಯಾಡ್ ಪಡೆದ ಹುಡುಗಿ ನೋವಿನಿಂದ ತಿಂಗಳಿಗೆ ಎಷ್ಟು ದಿನ ಶಾಲೆ ಬಿಟ್ಟಳು ಎಂದು ಕೇಳಿ ನೋಡಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 10 ಜನರಿಗೆ, ಜಗತ್ತಿನಲ್ಲಿ ಒಟ್ಟು 19 ಕೋಟಿ ಜನರಿಗೆ ಈ ಕಾಯಿಲೆ ಇದೆ. ನೋವು ಶುರುವಾದಂದಿನಿಂದ ಕಾಯಿಲೆಯ ಹೆಸರು ಗೊತ್ತಾಗುವವರೆಗೆ ಸರಾಸರಿ 4ರಿಂದ 12 ವರ್ಷ ಹಿಡಿಯುತ್ತದೆ. ಅಷ್ಟು ವರ್ಷ ಮನೆಯಲ್ಲಿ, ಕ್ಲಿನಿಕ್‌ನಲ್ಲಿ ಅವಳಿಗೆ ಸಿಗುವ ಉತ್ತರ ಮಾತ್ರ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಹದಿನಾರಕ್ಕೆ ‘ಮದುವೆಯಾದರೆ ಸರಿಹೋಗುತ್ತೆ’, ಇಪ್ಪತ್ತೆರಡಕ್ಕೆ ‘ಒಂದು ಮಗು ಆಗಲಿ’, ಮೂವತ್ತೈದಕ್ಕೆ ‘ಗರ್ಭಕೋಶ ತೆಗೆಸಿಬಿಡಿ’. ಈ ಮೂರರಲ್ಲಿ ಒಂದೂ ಚಿಕಿತ್ಸೆಯಲ್ಲ.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವುದೇ ಈ ಕಾಯಿಲೆ. ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನಿನ ಏರಿಳಿತಕ್ಕೆ ಅದೂ ಸ್ಪಂದಿಸುತ್ತದೆ, ರಕ್ತ ಒಸರುತ್ತದೆ, ಆ ರಕ್ತ ಹೊರಹೋಗಲು ದಾರಿ ಇರುವುದಿಲ್ಲ. ಸುತ್ತಲೂ ಉರಿಯೂತವಾಗಿ, ಕ್ರಮೇಣ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೊಟ್ಟೆಯ ಒಳಪೊರೆಯ ಮೇಲೆ ಚುಕ್ಕೆಗಳಾಗಿ, ಅಂಡಾಶಯದಲ್ಲಿ ಹಳೇ ರಕ್ತ ತುಂಬಿದ ‘ಚಾಕೊಲೇಟ್ ಸಿಸ್ಟ್’ ಆಗಿ, ಇಲ್ಲವೇ ಕರುಳು, ಮೂತ್ರಕೋಶ, ಗರ್ಭಕೋಶದ ಹಿಂದಿನ ಕಟ್ಟುಗಳ ಆಳಕ್ಕೆ ಇಳಿದ ಗಂಟುಗಳಾಗಿ ಇದು ಕಾಣಿಸಿಕೊಳ್ಳುತ್ತದೆ. ನೋವಿಗೂ ಕಾಯಿಲೆಯ ಹಂತಕ್ಕೂ ಹೊಂದಿಕೆ ಇಲ್ಲ. ನಾಲ್ಕು ಚುಕ್ಕೆ ಇದ್ದವಳು ನೋವಿಗೆ ಎದ್ದು ನಿಲ್ಲಲಾರಳು. ದೊಡ್ಡ ಸಿಸ್ಟ್ ಇದ್ದವಳಿಗೆ ಮಕ್ಕಳಾಗಲಿಲ್ಲವೆಂದು ಸ್ಕ್ಯಾನಿಂಗ್ ಮಾಡಿಸಿದಾಗಲೇ ವಿಷಯ ತಿಳಿಯಬಹುದು. ಆದ್ದರಿಂದ ‘ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ, ಸುಮ್ಮನೆ ಅಳುತ್ತಾಳೆ’ ಎಂಬ ಮಾತು ವೈದ್ಯಕೀಯವಾಗಿಯೇ ತಪ್ಪು.

ಕಾಯಿಲೆ ತಪ್ಪಿಹೋಗುವುದಕ್ಕೆ ಮುಖ್ಯ ಕಾರಣ, ಅದು ಬೇರೆ ಬೇರೆ ಹೆಸರಿನಲ್ಲಿ ಬೇರೆ ಬೇರೆ ವೈದ್ಯರ ಮುಂದೆ ಬರುವುದು. ಮಲವಿಸರ್ಜನೆಯ ನೋವು ಎಂದರೆ ಗ್ಯಾಸ್ಟ್ರಿಕ್ ಮಾತ್ರೆ, ಉರಿಮೂತ್ರ ಎಂದರೆ ಆಂಟಿಬಯೋಟಿಕ್, ಬಲಗಡೆ ಕಿಬ್ಬೊಟ್ಟೆ ನೋವು ಎಂದರೆ ಅಪೆಂಡಿಕ್ಸ್ ಆಪರೇಷನ್. ಈ ಎಲ್ಲ ನೋವು ಮುಟ್ಟಿನ ದಿನಗಳಲ್ಲೇ ಹೆಚ್ಚುತ್ತದೆಯೇ ಎಂದು ಯಾರೂ ಕೇಳಿರುವುದಿಲ್ಲ. ಇದನ್ನು ಪತ್ತೆ ಹಚ್ಚಲು ಮೊದಲು ಬೇಕಾದದ್ದು ಯಂತ್ರವಲ್ಲ, ಐದು ಪ್ರಶ್ನೆ. ಮುಟ್ಟಿನ ನೋವಿಗೆ ಶಾಲೆ ಅಥವಾ ಕೂಲಿ ತಪ್ಪುತ್ತದೆಯೇ? ಮಾತ್ರೆ ನುಂಗಿದರೂ ನೋವು ಉಳಿಯುತ್ತದೆಯೇ? ಆ ದಿನಗಳಲ್ಲಿ ಮಲ, ಮೂತ್ರಕ್ಕೆ ಹೋಗುವಾಗ ನೋವು ಅಥವಾ ರಕ್ತ ಬರುತ್ತದೆಯೇ? ಮದುವೆಯಾದವರಿಗೆ, ಗಂಡನ ಜೊತೆ ಸೇರುವಾಗ ಒಳಗೆ ಆಳದಲ್ಲಿ ನೋಯುತ್ತದೆಯೇ? ಮುಟ್ಟು ಇಲ್ಲದ ದಿನಗಳಲ್ಲೂ ಕಿಬ್ಬೊಟ್ಟೆ, ಸೊಂಟ ನೋಯುತ್ತದೆಯೇ? ಸಿಸೇರಿಯನ್ ಆದವರಿಗೆ ಇನ್ನೊಂದು ಸೇರಿಸಬೇಕು: ಹೊಲಿಗೆಯ ಗೆರೆಯಲ್ಲಿ ಗಂಟು ಇದ್ದು ತಿಂಗಳಿಗೊಮ್ಮೆ ಊದಿ ನೋಯುತ್ತದೆಯೇ?

ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್‌ನ ಆಪ್ತಸಮಾಲೋಚಕರು, ಆಶಾ ಕಾರ್ಯಕರ್ತೆಯರು, ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಗಳು (ಸಿಎಚ್‌ಒ) ಇದನ್ನು ಕೇಳಬಲ್ಲರು. ಜೊತೆಗೆ ಮೂರು ತಿಂಗಳ ನೋವಿನ ಚಾರ್ಟ್ ಒಂದು ಹಾಳೆ ಸಾಕು: ಮುಟ್ಟಿನ ಯಾವ ದಿನ, 10ಕ್ಕೆ ಎಷ್ಟು ನೋವು, ಎಷ್ಟು ಮಾತ್ರೆ, ಏನು ಕೆಲಸ ತಪ್ಪಿತು. ಈ ಹಾಳೆ ಕೈಯಲ್ಲಿದ್ದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ.

ಈಗ ನಮ್ಮ ಮುಖ್ಯ ಕೋರಿಕೆಗೆ ಬರುತ್ತೇವೆ. ಈ ಕಾಯಿಲೆಯ ಮೊದಲ ಸಾಲಿನ ಔಷಧ ಜಗಳೂರಿನಲ್ಲೂ ನ್ಯಾಮತಿಯಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಬಂದು ಸೇರುವಂಥದ್ದೇ. ಅದು ಮಾಲಾ-ಎನ್ ಎಂಬ ಗರ್ಭನಿರೋಧಕ ಮಾತ್ರೆ. ಒಂದು ಪ್ಯಾಕೆಟ್‌ನಲ್ಲಿ 21 ಹಾರ್ಮೋನ್ ಮಾತ್ರೆ (ಲಿವೊನಾರ್ಜೆಸ್ಟ್ರೆಲ್ 0.15 ಮಿ.ಗ್ರಾಂ, ಎಥಿನೈಲ್ ಈಸ್ಟ್ರಡಯಾಲ್ 0.03 ಮಿ.ಗ್ರಾಂ) ಮತ್ತು 7 ಕಬ್ಬಿಣಾಂಶದ ಮಾತ್ರೆ. ಎಂಡೊಮೆಟ್ರಿಯೋಸಿಸ್ ನೋವಿಗೆ ಜಗತ್ತಿನಾದ್ಯಂತ ಕೊಡುವ, ಎರಡು ಹಾರ್ಮೋನ್ ಸೇರಿದ ಸಂಯುಕ್ತ ಮಾತ್ರೆಗಳೂ ಇದೇ ಬಗೆಯವು. ಆದರೆ ಇಲ್ಲಿ ಅದು ಕುಟುಂಬ ಯೋಜನೆಯ ಲೆಕ್ಕದಲ್ಲಿ ಬರುತ್ತದೆ, ‘ಅರ್ಹ ದಂಪತಿ’ಗಳ ಪಟ್ಟಿ ನೋಡಿ ಹಂಚಿಕೆಯಾಗುತ್ತದೆ. ಮದುವೆಯಾಗದ ಹುಡುಗಿಗೆ ಬರೆದುಕೊಡಲು ವೈದ್ಯರೂ ಹಿಂಜರಿಯುತ್ತಾರೆ, ಕೊಡಲು ಫಾರ್ಮಸಿಯವರೂ ಹಿಂಜರಿಯುತ್ತಾರೆ. ಜಿಲ್ಲಾ ಆರೋಗ್ಯಾಧಿಕಾರಿಗಳಿಂದ ಒಂದು ಸುತ್ತೋಲೆ ಹೊರಟರೆ ಈ ಹಿಂಜರಿಕೆ ತೊಲಗುತ್ತದೆ: ತೀವ್ರ ಮುಟ್ಟಿನ ನೋವಿಗೆ ವೈದ್ಯಾಧಿಕಾರಿಯ ಚೀಟಿಯ ಮೇಲೆ, ವಿವಾಹ ಕೇಳದೆ, ಮಾಲಾ-ಎನ್ ಕೊಡಬಹುದು, ಅದನ್ನು ಚಿಕಿತ್ಸೆಯ ಲೆಕ್ಕದಲ್ಲಿ ಬರೆಯಬೇಕು.

ಸುತ್ತೋಲೆಯಲ್ಲಿ ಪ್ರಮಾಣವೂ ಸ್ಪಷ್ಟವಾಗಿರಲಿ. ನೋವಿಗೆ ಕೊಡುವಾಗ ಸಾಮಾನ್ಯವಾಗಿ ಮುಟ್ಟೇ ಬಾರದಂತೆ ಬಿಡುವಿಲ್ಲದೆ ಕೊಡುವುದು ಹೆಚ್ಚು ಫಲಕಾರಿ: 21 ಮಾತ್ರೆ ಮುಗಿದ ಮರುದಿನವೇ ಹೊಸ ಪ್ಯಾಕೆಟ್, ಏಳು ಕಬ್ಬಿಣದ ಮಾತ್ರೆ ಬಿಡುವುದು. ಹೀಗೆ ತೆಗೆದುಕೊಂಡರೆ ವರ್ಷಕ್ಕೆ 13 ಪ್ಯಾಕೆಟ್ ಸಾಲುವುದಿಲ್ಲ, 18 ಬೇಕು. ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕುವಾಗ ಈ ಲೆಕ್ಕ ಹಿಡಿಯದಿದ್ದರೆ ವರ್ಷದ ಕೊನೆಯಲ್ಲಿ ಮಾತ್ರೆ ನಿಂತು, ನೋವು ಮತ್ತೆ ಬಂದು, ‘ಈ ಮಾತ್ರೆ ಕೆಲಸ ಮಾಡಲಿಲ್ಲ’ ಎಂಬ ತೀರ್ಮಾನವಾಗುತ್ತದೆ. ಬಿಟ್ಟ ಕಬ್ಬಿಣಾಂಶವನ್ನು ರಕ್ತಹೀನತೆ ಇರುವವರಿಗೆ ಬೇರೆಯಾಗಿ ಕೊಡಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ನಿಲ್ಲಿಸಬಾರದು. ಮೊದಲ ಮೂರು ತಿಂಗಳು ಆಗಾಗ ಕಲೆ ಕಾಣಿಸುವುದು ಸಹಜ. ಈ ಮಾತನ್ನು ಮೊದಲೇ ಹೇಳದ ಕಡೆಯಲ್ಲೆಲ್ಲ ಹುಡುಗಿಯರು ಎರಡನೇ ಪ್ಯಾಕೆಟ್‌ಗೇ ನಿಲ್ಲಿಸುತ್ತಾರೆ. ‘ಮುಂದೆ ಮಕ್ಕಳಾಗಲ್ಲವಂತೆ’ ಎಂಬ ತಾಯಂದಿರ ಭಯಕ್ಕೂ ಆಶಾ ಉತ್ತರ ಕೊಡಬೇಕು: ಮಾತ್ರೆ ಬಿಟ್ಟ ಮೇಲೆ ಅಂಡೋತ್ಪತ್ತಿ ಮರಳುತ್ತದೆ. ಕೊಡುವ ಮುನ್ನ ಬಿಪಿ ನೋಡಲೇಬೇಕು. ಕಣ್ಣಿಗೆ ಮಿಂಚು ಕಾಣಿಸಿ ಶುರುವಾಗುವ ಮೈಗ್ರೇನ್, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ, ಯಕೃತ್ತಿನ ತೀವ್ರ ಕಾಯಿಲೆ, ಸ್ತನ ಕ್ಯಾನ್ಸರ್ ಇದ್ದವರಿಗೆ ಇದು ಸಲ್ಲದು.

ನೋವಿನ ಮಾತ್ರೆಯ ವಿಷಯದಲ್ಲಿ ತಪ್ಪು ನಡೆಯುವುದು ಹೊತ್ತಿನಲ್ಲಿ. ನೋವು ತರಿಸುವ ಪ್ರೋಸ್ಟಗ್ಲಾಂಡಿನ್ ಉತ್ಪತ್ತಿಯಾಗುವುದನ್ನು ಈ ಮಾತ್ರೆಗಳು ತಡೆಯುತ್ತವೆ; ಆಗಲೇ ಉತ್ಪತ್ತಿಯಾದದ್ದನ್ನು ಅಳಿಸುವುದಿಲ್ಲ. ತಡೆಯಲಾರದಷ್ಟು ನೋವಾದ ಮೇಲೆ ಒಂದು ನುಂಗಿದರೆ ಪ್ರಯೋಜನ ಕಡಿಮೆ. ಮುಟ್ಟಿನ ಹಿಂದಿನ ದಿನ ಅಥವಾ ಮೊದಲ ಸೂಚನೆಗೇ ಶುರುಮಾಡಿ ಊಟದ ನಂತರ ಐಬುಪ್ರೊಫೆನ್ 400 ಅಥವಾ ಮೆಫೆನಮಿಕ್ ಆಸಿಡ್ 500 ಮಿ.ಗ್ರಾಂ ದಿನಕ್ಕೆ ಮೂರು ಸಲ, ಎರಡು ಮೂರು ದಿನ. ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ ಇದ್ದವರು, ಇಂಥ ಮಾತ್ರೆಗಳಿಂದ ಉಬ್ಬಸ ಹೆಚ್ಚುವವರು ತೆಗೆದುಕೊಳ್ಳಬಾರದು. ಮೆಫೆನಮಿಕ್ ಆಸಿಡ್ ನುಂಗಿದ ದಿನಗಳಲ್ಲಿ ಜ್ವರ, ಮೈಮೇಲೆ ಗಂಧೆ ಎದ್ದರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಇದರ ಬಗ್ಗೆ ಭಾರತೀಯ ಔಷಧ ಸಂಹಿತಾ ಆಯೋಗ 2023ರಲ್ಲಿ ಎಚ್ಚರಿಕೆ ಹೊರಡಿಸಿದೆ.

ಮಾಲಾ-ಎನ್, ನೋವಿನ ಮಾತ್ರೆ ಎರಡನ್ನೂ ಸರಿಯಾಗಿ ಮೂರರಿಂದ ಆರು ತಿಂಗಳು ಕೊಟ್ಟೂ ನೋವು ಇಳಿಯದಿದ್ದರೆ ಮುಂದಿನ ಮೆಟ್ಟಿಲಿಗೆ ಕಳಿಸಬೇಕು. ಹೊಟ್ಟೆ ಸೀಳದೆ, ದುರ್ಬೀನು ಹಾಕಿ ನೋಡದೆ ಚಿಕಿತ್ಸೆ ಶುರು ಮಾಡಬಾರದು ಎಂಬ ಕಾಲ ಮುಗಿಯಿತು. ಯುರೋಪಿನ ಸಂತಾನ ವೈದ್ಯರ ಸಂಘ ಎಶ್ರೆಯ 2022ರ ಮಾರ್ಗಸೂಚಿ, ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೆ ಅಥವಾ ಔಷಧ ಫಲಿಸದಿದ್ದರೆ ಮಾತ್ರ ಪತ್ತೆಗಾಗಿ ಲ್ಯಾಪ್ರೊಸ್ಕೋಪಿ (ದುರ್ಬೀನು ಪರೀಕ್ಷೆ) ಎನ್ನುತ್ತದೆ. ಸಿಎ-125 ರಕ್ತಪರೀಕ್ಷೆಯಿಂದ ಈ ಕಾಯಿಲೆ ಪತ್ತೆ ಮಾಡಬಾರದು ಎಂದೂ ಅದರಲ್ಲಿದೆ. ಮುಟ್ಟಿನ ದಿನಗಳಲ್ಲಿ, ಕ್ಷಯದಲ್ಲಿ, ಸೋಂಕಿನಲ್ಲಿ ಎಲ್ಲ ಏರುವ ಆ ಅಂಕಿಗಾಗಿ ಬಡವರ ದುಡ್ಡು ಖರ್ಚಾಗುವುದು ನಿಲ್ಲಬೇಕು.

ಸ್ಕ್ಯಾನಿಂಗ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಚೀಟಿಯಲ್ಲಿ ‘ಪೆಲ್ವಿಸ್ ಸ್ಕ್ಯಾನ್’ ಎಂದಷ್ಟೇ ಬರೆದರೆ ಗಡ್ಡೆ ಇದೆಯೇ, ಪಿಸಿಒಡಿ ಇದೆಯೇ ಎಂದು ನೋಡಿ ‘ನಾರ್ಮಲ್’ ಎಂದು ಬರುತ್ತದೆ. ‘ಎಂಡೊಮೆಟ್ರಿಯೋಸಿಸ್ ಶಂಕೆ’ ಎಂದು ಬರೆದಾಗ ನೋಡಬೇಕಾದವು ಬೇರೆ. ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ನಲ್ಲಿ ಚಾಕೊಲೇಟ್ ಸಿಸ್ಟ್ ಮಬ್ಬುಗಾಜಿನ ಹಾಗೆ ಒಂದೇ ಸಮ ಬೂದಾಗಿ ಕಾಣುತ್ತದೆ. ಪ್ರೋಬ್‌ನಿಂದ ಮೆಲ್ಲಗೆ ಒತ್ತಿದಾಗ ಗರ್ಭಕೋಶದ ಹಿಂದೆ ಕರುಳು ಜಾರಬೇಕು. ಜಾರದಿದ್ದರೆ ಹಿಂಬದಿ ಅಂಟಿಕೊಂಡಿದೆ ಎಂದರ್ಥ. ಎರಡು ಅಂಡಾಶಯ ನಡುವೆ ಬಂದು ಕೂಡಿಕೊಂಡಿವೆಯೇ, ಒತ್ತಿದಾಗ ಯಾವ ಜಾಗ ನೋಯುತ್ತದೆ ಎಂಬುದನ್ನೂ ಬರೆಯಬೇಕು. ಕೊನೆಗೆ ಎರಡೂ ಮೂತ್ರಪಿಂಡ ತಪ್ಪದೆ ನೋಡಬೇಕು. ಮೂತ್ರನಾಳಕ್ಕೆ ಗಂಟು ಬಿಗಿದರೆ ಒಂದಿಷ್ಟೂ ನೋವಿಲ್ಲದೆ ಮೂತ್ರಪಿಂಡ ಊದಿ ಹಾಳಾಗಬಹುದು. ಹೊಟ್ಟೆಯ ಮೇಲಿನ ಸ್ಕ್ಯಾನಿಂಗ್‌ನಲ್ಲಿ ಇವುಗಳಲ್ಲಿ ಹೆಚ್ಚಿನವು ಕಾಣವು. ಹಾಗೆಂದು ಮದುವೆಯಾಗದ ಹುಡುಗಿಯ ಮೇಲೆ ಒಳಸ್ಕ್ಯಾನಿಂಗ್ ಹೇರಬಾರದು. ಅವಳಿಗೆ ಹೊಟ್ಟೆಯ ಸ್ಕ್ಯಾನಿಂಗ್, ಅನುಮಾನ ಉಳಿದರೆ ಎಂಆರ್‌ಐ. ನಮ್ಮ ದೇಶದಲ್ಲಿ ಗರ್ಭನಾಳದ ಕ್ಷಯವೂ ಇದೇ ವೇಷದಲ್ಲಿ ಬರುವುದರಿಂದ ಅದನ್ನೂ ಪರೀಕ್ಷಿಸಿ ತಳ್ಳಿಹಾಕಬೇಕು.

ದಾವಣಗೆರೆ ನಗರದಲ್ಲೇ ಎರಡು ವೈದ್ಯಕೀಯ ಕಾಲೇಜುಗಳಿವೆ, ಚಿಗಟೇರಿ ಜಿಲ್ಲಾಸ್ಪತ್ರೆ ಇದೆ. ವಾರದಲ್ಲಿ ಒಂದು ಮಧ್ಯಾಹ್ನ ‘ಕಿಬ್ಬೊಟ್ಟೆ ನೋವಿನ ಹೊರರೋಗಿ ವಿಭಾಗ’ ಎಂದು ನಿಗದಿ ಮಾಡಿ, ಈ ಬಗೆಯ ಸ್ಕ್ಯಾನಿಂಗ್‌ನಲ್ಲಿ ಒಬ್ಬ ರೇಡಿಯಾಲಜಿಸ್ಟ್‌ಗೆ ತರಬೇತಿ ಕೊಡಿಸಿದರೆ ಹೊನ್ನಾಳಿಯವರು ಬೆಂಗಳೂರಿಗೆ ಹೋಗುವುದು ತಪ್ಪುತ್ತದೆ. ಅಲ್ಲಿ ಡೈನೋಜೆಸ್ಟ್ 2 ಮಿ.ಗ್ರಾಂ ಮಾತ್ರೆ ಉಚಿತವಾಗಿ ಸಿಗಬೇಕು. ದಿನಕ್ಕೊಂದು, ಒಂದೇ ಹೊತ್ತಿಗೆ, ತಿಂಗಳುಗಟ್ಟಲೆ ತೆಗೆದುಕೊಳ್ಳುವ, ಈಸ್ಟ್ರೋಜೆನ್ ಇಲ್ಲದ ಹಾರ್ಮೋನ್ ಮಾತ್ರೆ ಇದು. ಸಂಯುಕ್ತ ಮಾತ್ರೆ ಸಲ್ಲದ ಹಲವರಿಗೆ ಇದೊಂದು ದಾರಿ; ಸ್ತನ ಕ್ಯಾನ್ಸರ್, ಯಕೃತ್ತಿನ ತೀವ್ರ ಕಾಯಿಲೆ ಇದ್ದವರಿಗೆ ಮಾತ್ರ ಇದೂ ಸಲ್ಲದು. ಹೊರಗೆ ಕೊಳ್ಳಬೇಕಾದರೆ ಕೂಲಿ ಮಾಡುವವರು ಎರಡು ತಿಂಗಳಿಗೆ ಬಿಟ್ಟುಬಿಡುತ್ತಾರೆ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಹಣದಿಂದ ಸ್ಥಳೀಯವಾಗಿ ಖರೀದಿಸಲು ಸಾಧ್ಯವೇ ಎಂದು ತಾವು ಕೇಳಬೇಕು. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಎಂಬ ಗರ್ಭನಿರೋಧಕ ಚುಚ್ಚುಮದ್ದೂ ನೋವು ತಗ್ಗಿಸುತ್ತದೆ, ಸರ್ಕಾರದಲ್ಲಿ ಉಚಿತ. ಆದರೆ ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ತಿಂಗಳುಗಳು ತಡವಾಗುತ್ತವೆ, ಮೂಳೆಯ ಸಾಂದ್ರತೆ ತುಸು ಇಳಿಯುತ್ತದೆ. ಹಾಗಾಗಿ ಹದಿಹರೆಯದವರಿಗೆ ಅದು ಮೊದಲ ಆಯ್ಕೆಯಲ್ಲ. ಮಕ್ಕಳು ಬೇಕೆಂದು ಬಂದವರಿಗೆ ಈ ಯಾವ ಹಾರ್ಮೋನೂ ಕೊಡಬಾರದು. ಅವು ಅಂಡೋತ್ಪತ್ತಿ ನಿಲ್ಲಿಸುತ್ತವೆ, ಫಲವತ್ತತೆ ಹೆಚ್ಚಿಸುವುದಿಲ್ಲ, ಅವಳ ವಯಸ್ಸು ಕಳೆಯುತ್ತದೆ ಅಷ್ಟೆ.

ಆಪರೇಷನ್ ಬೇಕಾದಾಗ ಒಂದೇ ಸಲ, ಬಲ್ಲವರಿಂದ ಆಗಬೇಕು. ಸಿಸ್ಟ್‌ನ ನೀರು ತೆಗೆದು ಬಿಟ್ಟರೆ ಅದು ಮತ್ತೆ ತುಂಬುತ್ತದೆ; ಗೋಡೆಸಮೇತ ಬಿಡಿಸಬೇಕು. ಬಿಡಿಸುವಾಗ ಅಂಡಾಶಯದ ಮೊಟ್ಟೆಗಳೂ ಕಡಿಮೆಯಾಗುತ್ತವೆ, ಆದ್ದರಿಂದ ಮೇಲಿಂದ ಮೇಲೆ ಕೊಯ್ಯುವುದು ಅಪಾಯ. ತೆಗೆದ ತುಣುಕು ಬಯಾಪ್ಸಿಗೆ ಹೋಗಲೇಬೇಕು. ತಕ್ಷಣ ಮಗು ಬೇಡದವರಿಗೆ ನಂತರ ಒಂದೂವರೆ ಎರಡು ವರ್ಷ ಹಾರ್ಮೋನ್ ಮುಂದುವರಿಸದಿದ್ದರೆ ಕಾಯಿಲೆ ಮರಳುವುದು ಹೆಚ್ಚು.

ಇನ್ನು ಗರ್ಭಕೋಶ ತೆಗೆಯುವ ವಿಷಯ. ಕಾಯಿಲೆ ಇರುವುದು ಗರ್ಭಕೋಶದ ಹೊರಗೆ. ಗಂಟುಗಳನ್ನು ಬಿಟ್ಟು ಗರ್ಭಕೋಶ ಮಾತ್ರ ತೆಗೆದರೆ ನೋವು ಉಳಿಯಬಹುದು. ಎರಡೂ ಅಂಡಾಶಯ ತೆಗೆದರೆ ಮೂವತ್ತೈದರಲ್ಲೇ ಮುಟ್ಟು ನಿಂತು ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯ ಏರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ನೂರಕ್ಕೆ 3.3 ಮಹಿಳೆಯರ ಗರ್ಭಕೋಶ ಆಗಲೇ ತೆಗೆಯಲಾಗಿದೆ. ಅನಗತ್ಯ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಕೊಟ್ಟಿತು. ಅದನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿತು. ಮಾರ್ಗಸೂಚಿಯಲ್ಲಿ ಜಿಲ್ಲಾ ಮಟ್ಟದ ನಿಗಾ ಸಮಿತಿ ಇದೆ. ನಮ್ಮ ಜಿಲ್ಲೆಯ ಸಮಿತಿ ಎಷ್ಟು ಸಲ ಸಭೆ ಸೇರಿತು, ನಲವತ್ತರೊಳಗಿನವರ ಎಷ್ಟು ಪ್ರಕರಣ ನೋಡಿತು, ‘ಹೊಟ್ಟೆನೋವು’ ಎಂದಷ್ಟೇ ಕಾರಣ ಬರೆದ ಪ್ರಕರಣಗಳೆಷ್ಟು ಎಂಬ ವಿವರ ಕೆಡಿಪಿ ಸಭೆಯ ಮುಂದೆ ಬರಲಿ.

ತಿಂಗಳಿಗೊಂದು ದಿನದ ಮುಟ್ಟಿನ ರಜೆಗೆ ರಾಜ್ಯ ಸಚಿವ ಸಂಪುಟ 2025ರಲ್ಲಿ ಒಪ್ಪಿಗೆ ಕೊಟ್ಟದ್ದು ನಮಗೆ ಸಂತೋಷ ತಂದಿದೆ. ಆದರೆ ಚನ್ನಗಿರಿಯಲ್ಲಿ ಅಡಿಕೆ ಸುಲಿಯುವವರಿಗೆ, ಹರಿಹರದ ಗದ್ದೆಯಲ್ಲಿ ನಾಟಿ ಹಾಕುವವರಿಗೆ, ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರಿಗೆ ರಜೆ ಎಂದರೆ ಆ ದಿನದ ಕೂಲಿ ಹೋಯಿತು ಎಂದೇ. ಅವರಿಗೆ ನೋವು ಇಳಿಯಬೇಕು. ಹಾಸ್ಟೆಲ್ ಹುಡುಗಿಯರಿಗೂ ಅಷ್ಟೇ. ಜಿಲ್ಲೆಯ ಹಿಂದುಳಿದ ವರ್ಗಗಳ (ಬಿಸಿಎಂ) ಮತ್ತು ಸಮಾಜ ಕಲ್ಯಾಣ ಹಾಸ್ಟೆಲ್‌ಗಳ ವಾರ್ಡನ್‌ಗಳಿಗೆ ಆ ಐದು ಪ್ರಶ್ನೆ, ನೋವಿನ ಚಾರ್ಟ್, ಹತ್ತಿರದ ಸ್ನೇಹ ಕ್ಲಿನಿಕ್‌ನ ದಿನ ಮತ್ತು ಸಮಯ ಬರೆದ ಒಂದು ಹಾಳೆ ಜೂನ್‌ನಲ್ಲಿ ದಾಖಲಾತಿ ಶುರುವಾಗುವ ಮೊದಲೇ ತಲುಪಲಿ.

ಮಾಲಾ-ಎನ್ ಸುತ್ತೋಲೆಗೆ ಹೊಸ ಅನುದಾನ ಬೇಕಿಲ್ಲ, ಹೊಸ ಹುದ್ದೆ ಬೇಕಿಲ್ಲ. ಅದರ ಕರಡು ಸಿದ್ಧಪಡಿಸಲು, ವೈದ್ಯಾಧಿಕಾರಿಗಳಿಗೆ ಮತ್ತು ಆಶಾ ಕಾರ್ಯಕರ್ತೆಯರಿಗೆ ತಾಲ್ಲೂಕುವಾರು ತರಬೇತಿ ಕೊಡಲು ನಾವು ಸಂಭಾವನೆ ಇಲ್ಲದೆ ಬರುತ್ತೇವೆ. ಜಗಳೂರಿನಿಂದ ಶುರುಮಾಡಲು ಅನುಮತಿ ಕೊಡಿ.

ಇಂತಿ ತಮ್ಮ ವಿಶ್ವಾಸಿಗಳು,
ದಾವಣಗೆರೆ ಜಿಲ್ಲೆಯಲ್ಲಿ ಮಹಿಳೆಯರ ಆರೋಗ್ಯಕ್ಕಾಗಿ ದುಡಿಯುತ್ತಿರುವ ವೈದ್ಯರು ಮತ್ತು ಶುಶ್ರೂಷಕಿಯರು