ಸೂಯೇಜ್ ಫಾರ್ಮ್: ಹೊರಹೋದ ಕಸಕ್ಕಷ್ಟೇ ಬಿಲ್ ಕೊಡಿ

ಮಾನ್ಯ ಸಂಪಾದಕರೇ,

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳೇ ಕಸದ ಗುಡ್ಡಗಳು ಐದು ವರ್ಷದೊಳಗೆ, ಅಂದರೆ 2021ರ ಏಪ್ರಿಲ್ ಹೊತ್ತಿಗೆ, ಕರಗಬೇಕಿತ್ತು ಇಲ್ಲವೇ ವೈಜ್ಞಾನಿಕವಾಗಿ ಮುಚ್ಚಿಹೋಗಬೇಕಿತ್ತು. ಗಡುವು ಮುಗಿದ ಮೇಲೆ, ಅದೇ ವರ್ಷದ ಅಕ್ಟೋಬರ್‌ನಲ್ಲಿ, ಸ್ವಚ್ಛ ಭಾರತ್ ಮಿಷನ್ 2.0 ಶುರುವಾಗಿ ಈ ಕೆಲಸಕ್ಕೆಂದೇ ಹಣ ಮೀಸಲಾಯಿತು. ಊರಿನ ಹಳೇ ಕಸ ಗುಡ್ಡವಾಗಿ ಬಿದ್ದಿರುವ ಮೈಸೂರಿನ ವಿದ್ಯಾರಣ್ಯಪುರಂ ಸೂಯೇಜ್ ಫಾರ್ಮ್ ವಿಚಾರ ಬಂದಾಗಲೆಲ್ಲ ಅನುದಾನ ಬಂತೇ, ಟೆಂಡರ್ ಆಯಿತೇ ಎಂದಷ್ಟೇ ಕೇಳುತ್ತೇವೆ. ಲೆಕ್ಕ ತಪ್ಪುವುದು ಅದರಾಚೆಗೆ.

ಮಿಷನ್ ಕಟ್ಟಿರುವ ದರ ಟನ್ ಹಳೇ ಕಸಕ್ಕೆ 550 ರೂಪಾಯಿ. 2011ರ ಗಣತಿಯಂತೆ ಹತ್ತು ಲಕ್ಷದೊಳಗಿನ ಜನಸಂಖ್ಯೆಯ ಮೈಸೂರು, ಮಂಡ್ಯಕ್ಕೆ ಕೇಂದ್ರ ಕೊಡುವುದು ಶೇ 33, ಸುಮಾರು 180 ರೂ. ನಂಜನಗೂಡಿನಂಥ ಒಂದು ಲಕ್ಷದೊಳಗಿನ ಊರಿಗೆ ಅರ್ಧ. ಮಿಕ್ಕದ್ದನ್ನು ರಾಜ್ಯ ಮತ್ತು ಸ್ಥಳೀಯ ಸಂಸ್ಥೆ ಹೊಂದಿಸಬೇಕು.

ಕೆಲಸದ ಕ್ರಮ ಹೀಗಿದೆ. ಗುಡ್ಡವನ್ನು ಅಗೆದು ಸುಮಾರು ಎರಡು ಮೀಟರ್ ಎತ್ತರದ ಸಾಲುಗಳಾಗಿ ಹರಡಿ, ಜೈವಿಕ ದ್ರಾವಣ ಸಿಂಪಡಿಸಿ, ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಮಗುಚಬೇಕು. ಒಳಗಿನ ಕಾವು ಇಳಿದು ಕಸ ಒಣಗಿದ ಮೇಲಷ್ಟೇ ತಿರುಗುವ ಜರಡಿಗೆ ಹಾಕಬೇಕು. ಅವಸರಕ್ಕೆ ಒದ್ದೆ ಕಸವನ್ನೇ ಹಾಕಿದರೆ ಜರಡಿಯ ಕಣ್ಣು ಕಟ್ಟಿಕೊಳ್ಳುತ್ತದೆ, ಪ್ಲಾಸ್ಟಿಕ್‌ಗೆ ಮಣ್ಣು ಮೆತ್ತಿಕೊಂಡೇ ಉಳಿಯುತ್ತದೆ. ಬೂದಿ ಹೆಚ್ಚು ಬರುವ ಅಂಥ ಸರಕನ್ನು ಸಿಮೆಂಟ್ ಕಾರ್ಖಾನೆಗಳು ವಾಪಸ್ ಕಳಿಸುತ್ತವೆ. ಮೇ ತಿಂಗಳಲ್ಲೂ, ಮತ್ತೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲೂ ಜೋರು ಮಳೆ ಬೀಳುವ ನಮ್ಮಲ್ಲಿ ಟೆಂಡರ್‌ನ ತಿಂಗಳ ಗುರಿ ವರ್ಷವಿಡೀ ಒಂದೇ ಇರುವುದು ಸರಿಯಲ್ಲ. ಇಲ್ಲವೇ, ಜರಡಿಯ ಜಾಗಕ್ಕೆ ಮೇಲ್ಛಾವಣಿಯ ಖರ್ಚನ್ನು ಅಂದಾಜಿನಲ್ಲೇ ಸೇರಿಸಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಸಾಗಣೆ. ಸುಡಲು ಬರುವ ಪ್ಲಾಸ್ಟಿಕ್, ಬಟ್ಟೆ ಚೂರುಗಳನ್ನು, ಅಂದರೆ ಆರ್‌ಡಿಎಫ್ ಅನ್ನು, ಅದರ ಘಟಕದಿಂದ ನೂರು ಕಿ.ಮೀ. ಒಳಗಿನ ಕೈಗಾರಿಕೆಗಳು ತಮ್ಮ ಇಂಧನದ ಶೇ 5ರಷ್ಟಾದರೂ ಬಳಸಬೇಕೆಂದು 2016ರ ನಿಯಮವೇ ಹೇಳಿತ್ತು. ಆದರೆ ರಾಜ್ಯದ ಸಿಮೆಂಟ್ ಕುಲುಮೆಗಳು ಹೆಚ್ಚಾಗಿ ಇರುವುದು ಕಲಬುರಗಿ ಕಡೆ, ಇಲ್ಲಿಂದ 600 ಕಿ.ಮೀ.ಗೂ ದೂರ. ಟನ್ನಿಗೆ ಕಿ.ಮೀ.ಗೆ ಮೂರೇ ರೂಪಾಯಿ ಹಿಡಿದರೂ ಬಾಡಿಗೆ 1,800 ರೂ. ಆಗುತ್ತದೆ. ಹಳೇ ಕಸದಲ್ಲಿ ಆರ್‌ಡಿಎಫ್ ಪಾಲು ಶೇ 15 ಎಂದುಕೊಳ್ಳಿ: ಅಗೆದ ಪ್ರತಿ ಟನ್ನಿನ ಮೇಲೆ 270 ರೂ. ಬೀಳುತ್ತದೆ. 550ರಲ್ಲಿ ಅರ್ಧ ಲಾರಿಗೇ ಹೋದರೆ ಅಗೆಯುವುದು, ಮಗುಚುವುದು, ಜರಡಿ, ಡೀಸೆಲ್ ಯಾವ ದುಡ್ಡಿನಲ್ಲಿ?

ಇಂಥ ದರಕ್ಕೆ, ಜರಡಿಗೆ ಹಾಕಿದ ಟನ್ ಲೆಕ್ಕದಲ್ಲಿ ಬಿಲ್ ಆದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಬೇರ್ಪಡಿಸಿದ ಪ್ಲಾಸ್ಟಿಕ್ ಅದೇ ಆವರಣದಲ್ಲಿ ಹೊಸ ರಾಶಿಯಾಗಿ ಕೂರುತ್ತದೆ, ಬೇಸಿಗೆಯಲ್ಲಿ ಅದಕ್ಕೇ ಬೆಂಕಿ ಬೀಳುತ್ತದೆ. ಕಾಗದದಲ್ಲಿ ಮಾತ್ರ ಗುಡ್ಡ ಕರಗಿರುತ್ತದೆ. ಜರಡಿಯಿಂದ ಇಳಿದ ಮಣ್ಣಿನದೂ ಇದೇ ಕಥೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂಥ ವಿಷಲೋಹಗಳ ಪರೀಕ್ಷೆಯಾಗದೆ ಅದನ್ನು ಗೊಬ್ಬರವೆಂದು ಕಬ್ಬಿನ ಗದ್ದೆಗೆ ಕೊಡಕೂಡದು, ಕೆರೆ ಅಂಗಳಕ್ಕಂತೂ ಸುರಿಯಲೇಬಾರದು. ದಿನದ ಹಸಿ ಕಸವೂ ಅದೇ ಆವರಣಕ್ಕೆ ಬೀಳುತ್ತಿದ್ದರೆ ಈ ಶ್ರಮವೆಲ್ಲ ನೀರಿನಲ್ಲಿ ಹೋಮ.

ಪಾಲಿಕೆ ಮತ್ತು ನಗರಾಭಿವೃದ್ಧಿ ಇಲಾಖೆಯನ್ನು ಕೇಳುವುದಿಷ್ಟು: ಗುತ್ತಿಗೆದಾರರ ಬಿಲ್ಲಿನ ದೊಡ್ಡ ಪಾಲನ್ನು ಆವರಣದಿಂದ ಹೊರಹೋದ ತೂಕಕ್ಕೆ ಕಟ್ಟಿಹಾಕಿ, ಸಿಮೆಂಟ್ ಕಾರ್ಖಾನೆಯ ಸ್ವೀಕೃತಿ ಚೀಟಿ ಬಂದ ಮೇಲೆಯೇ ಪಾವತಿಸಿ. ಆರ್‌ಡಿಎಫ್ ಸಾಗಣೆಗೆ ರಾಜ್ಯ ಬಜೆಟ್‌ನಲ್ಲಿ ಪ್ರತ್ಯೇಕ ಹಣ ಇಡಿ. ಲಾರಿ ತೂಗುವ ವೇಬ್ರಿಡ್ಜ್‌ನ ಲೆಕ್ಕವನ್ನೂ ಮೂರು ತಿಂಗಳಿಗೊಮ್ಮೆ ಗುಡ್ಡದ ಡ್ರೋನ್ ಅಳತೆಯನ್ನೂ ಪಾಲಿಕೆಯ ಜಾಲತಾಣದಲ್ಲಿ ಹಾಕಿ. ಎರಡೂ ತಾಳೆಯಾಗದಿದ್ದರೆ ಮುಂದಿನ ಕಂತು ತಡೆಹಿಡಿಯಿರಿ.

– ಘನತ್ಯಾಜ್ಯ ನಿರ್ವಹಣೆ ಕ್ಷೇತ್ರದ ನಾಗರಿಕರು, ಜೆ.ಪಿ. ನಗರ, ಮೈಸೂರು